ಕೆಮ್ಮುವ ಗಾಡಿಯಲ್ಲಿ ಮುದ್ದೇಬಿಹಾಳಕ್ಕೆ

ಎಪ್ಪತ್ತರ ದಶಕದ ಒಂದು ಬೇಸಿಗೆಯ ಬೆಳಿಗ್ಗೆ ಹೆಂಡತಿ ನೀಲವ್ವನನ್ನು ಕೂರಿಸಿಕೊಂಡು ಅವಳ ತವರು ಮುದ್ದೇಬಿಹಾಳಕ್ಕೆ ಇಂಡಿಯಿಂದ ಹೊರಟೆ. ನನ್ನ ಹಳೆಯ ಪಿಕಪ್ ಗಾಡಿಯ ಹಿಂದೆ ಎರಡು ಚೀಲ ನಿಂಬೆಹಣ್ಣು, ಒಂದು ಕಂಬಳಿ. ದಾರಿಯಲ್ಲಿ ಸಿಗುವ ದೇವರ ಹಿಪ್ಪರಗಿಯಲ್ಲಿ ಅವಳ ಸೋದರಮಾವನ ಮಗ ಈರಣ್ಣನ ಗ್ಯಾರೇಜು ಇತ್ತು. ನೀಲವ್ವನನ್ನು ಮೊದಲು ಹೆಣ್ಣು ಕೇಳಿದ್ದು ಅವನ ಮನೆಯವರೇ. ಆ ಊರಲ್ಲಿ ಮಾತ್ರ ಗಾಡಿ ನಿಲ್ಲಿಸಬಾರದೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದೆ.

ಇಂಡಿ ದಾಟುತ್ತಲೇ ಮಿಸ್ಸಿಂಗ್ ಶುರುವಾಯಿತು. ಎಂಜಿನ್ ಕೆಮ್ಮಿದಂತೆ ಎಡವುವುದು, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುವುದು. ನಿಲ್ಲಿಸಿ ನೋಡಿದರೆ ಸದ್ದು ಸರಿಯಾಗಿಯೇ ಇರುತ್ತಿತ್ತು. ಸಿಂದಗಿಯಲ್ಲಿ ಬೇವಿನ ನೆರಳಿಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಪ್ಲಗ್ಗು ಬಿಚ್ಚಿ ಉಜ್ಜಿದೆ, ಪೆಟ್ರೋಲ್ ಪೈಪು ಊದಿದೆ.

"ಈರಣ್ಣಗ ತೋರಸೂಣ್ರಿ. ಅಂವಾ ಸಪ್ಪಳ ಕೇಳೇ ಹೇಳ್ತಾನ," ಅಂದಳು ನೀಲವ್ವ.

"ನನಗೂ ಕಿವಿ ಅದಾವ," ಅಂದೆ.

ಹಿಪ್ಪರಗಿಯಲ್ಲಿ ಸಂತೆ. ಬಸ್ಸಿಗೆ ದಾರಿ ಬಿಡಲು ಗಾಡಿಯನ್ನು ತಗ್ಗಿಗೆ ಇಳಿಸಿದೆ. ಎಂಜಿನ್ ಕೆಮ್ಮಿ ಕೆಮ್ಮಿ ನಿಂತೇ ಹೋಯಿತು, ಅದೂ ಅವನ ಗ್ಯಾರೇಜಿನ ಎದುರಿಗೆ.

ಕೈ ಒರೆಸಿಕೊಳ್ಳುತ್ತ ಬಂದ ಈರಣ್ಣ, "ಬರ್ರಿ ಅಣ್ಣಾರ. ನೀಲಾ, ಆರಾಮ ಅದಿಯೇನ?" ಅಂದ. ಗಂಡನಾಗಿ ನಾನೇ ನಾಲ್ಕು ಜನರೆದುರು ಅವಳನ್ನು ಹೆಸರು ಹಿಡಿದು ಕರೆದವನಲ್ಲ.

"ಗಾಡಿ ಕುಲುಕಿದಾಗಷ್ಟ ಎಡವತೈತಿ," ಅಂದಳು ನೀಲವ್ವ. ದಾರಿಯುದ್ದಕ್ಕೂ ಗಮನಿಸಿದ್ದನ್ನು ಅವನಿಗೆ ಹೇಳಿದಳು, ನನಗಲ್ಲ.

"ಹಂಗಾದ್ರ ಎಲ್ಲೋ ಕರೆಂಟು ಸೋರಾಕತ್ತೈತಿ. ಕತ್ತಲ ಮಾಡಿದ್ರ ಕಿಡಿ ಕಾಣ್ತೈತಿ. ನೀಲಾ, ಆ ಕಂಬಳಿ ತಾ," ಅಂದ ಈರಣ್ಣ.

ಬಾನೆಟ್ ಎತ್ತಿ ಕಂಬಳಿ ಹೊದಿಸಿದ. ಎಂಜಿನ್ ಚಾಲೂ ಮಾಡಿ ರೇಸ್ ಕೊಡುವ ಕೆಲಸ ನನ್ನದು. ಅವನು ಗಾಡಿಯನ್ನು ಅಲ್ಲಾಡಿಸುತ್ತ ತಲೆ ಒಳಗೆ ಹಾಕಿದ. "ನೀಲಾ, ನಿನ್ನ ಕಣ್ಣು ಚುರುಕು. ನೀನೂ ನೋಡು," ಅಂದ. ಅವಳೂ ತಲೆ ಹಾಕಿದಳು. ಒಂದೇ ಕಂಬಳಿ, ಒಳಗೆ ಇಬ್ಬರು. ಎದುರಿಗೆ ಎತ್ತಿದ ಬಾನೆಟ್ಟು, ನನಗೇನೂ ಕಾಣದು. ಸಿಟ್ಟಿಗೆ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಒಳಗಿನಿಂದ ನೀಲವ್ವನ ನಗು ಕೇಳಿತು. ನನ್ನ ಮನೆಯಲ್ಲಿ ಅವಳು ಹಾಗೆ ನಕ್ಕದ್ದೇ ಇಲ್ಲ.

ಎಂಜಿನ್ ಬಂದ್ ಮಾಡಿಸಿ, ಏನನ್ನೋ ಬಿಚ್ಚಿಕೊಂಡು ಹೊರಬಂದು ಅಂಗೈ ತೋರಿಸಿದಳು. ತಾಮ್ರದ ತಾಯತ. ಕೆಟ್ಟ ಕಣ್ಣು ಬೀಳದಿರಲೆಂದು ಅಮಾವಾಸ್ಯೆಯ ಪೂಜೆಯಲ್ಲಿ ಪ್ಲಗ್ಗಿನ ವೈರ್‌ಗೆ ತಂತಿ ಸುತ್ತಿ ನಾನೇ ಕಟ್ಟಿದ್ದು. ವೈರ್‌ನ ರಬ್ಬರು ಸೀಳಿತ್ತು. ಗಾಡಿ ಕುಲುಕಿದಾಗಲೆಲ್ಲ ತಾಯತ ಎಂಜಿನ್ನಿಗೆ ತಾಗಿ, ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಹಾರುತ್ತಿತ್ತು.

"ಯಾರ ಕಣ್ಣಿಗೆ ಅಂಜಿ ಕಟ್ಟಿದ್ರಿ?" ಅಂದಳು.

ನಾನು ಈರಣ್ಣನ ಕಡೆ ನೋಡಲಿಲ್ಲ.

ಈರಣ್ಣ ಹೊಸ ವೈರ್ ಹಾಕಿಕೊಟ್ಟ ಮೇಲೆ ಬಸವನ ಬಾಗೇವಾಡಿಯ ತಗ್ಗುಗಳಲ್ಲೂ ಗಾಡಿ ಕೆಮ್ಮಲಿಲ್ಲ. ಅಲ್ಲಿ ಚಹಾ ಕುಡಿಯುವಾಗ, ಅವಳು ಅವನ ಮಾತು ತೆಗೆಯಲೆಂದು ಕಾದೆ. ತೆಗೆಯಲಿಲ್ಲ. ಹಿಪ್ಪರಗಿ ಬಿಡುವಾಗಲೂ ಅವಳು ಒಮ್ಮೆಯೂ ಹಿಂದೆ ತಿರುಗಿರಲಿಲ್ಲ. ಕನ್ನಡಿಯಲ್ಲಿ ಈರಣ್ಣ ಮರೆಯಾಗುವವರೆಗೂ ಅವನನ್ನೇ ನೋಡುತ್ತಿದ್ದವನು ನಾನು.