ಮಂಡಕ್ಕಿ ತಿನ್ನದ ಮೀನು

ಇವತ್ತು ಮಗಳು ಕೆರೆಗೆ ಮಂಡಕ್ಕಿ ಎಸೆದಾಗ, ಕೋಲ್ಕತ್ತದ ಬಾರಾನಗರದಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿದ್ದ ಕೊಳ ನೆನಪಾಯಿತು. ಅಪ್ಪ ಐಟಿ ಕಂಪನಿಯ ಬಸ್ಸು ಹತ್ತಿದ ಮೇಲೆ ಅಮ್ಮ, ನಾನು ಅಲ್ಲಿನ ತಿಲಾಪಿಯಾ ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದೆವು. ಬಾಲ ಹರಿದ ಒಂದು ಮೀನು ಮಾತ್ರ ಬಾಯಿ ಬಿಗಿದುಕೊಂಡು ದೂರವೇ ನಿಲ್ಲುತ್ತಿತ್ತು.

“ಹುಷಾರಿಲ್ವೇನೋ ಪಾಪ” ಎಂದಳು ಅಮ್ಮ.

ಕೊಳದ ಮೆಟ್ಟಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಪಕ್ಕದ ಮನೆಯ ಕಾಕಿಮಾ ನಕ್ಕರು. “ಮುಹ್ ಮೇ ಬಚ್ಚಾ ಹೈ!” ಮೊಟ್ಟೆ, ಮರಿಗಳನ್ನು ಬಾಯಲ್ಲೇ ಕಾಯುವ ತಾಯಿ ಅಷ್ಟು ದಿನವೂ ಏನೂ ತಿನ್ನುವುದಿಲ್ಲವಂತೆ.

“ಬಾಣಂತಿ ಹೀಗೆ ಉಪವಾಸ ಇದ್ರೆ ಹೇಗೆ?” ಎಂದು ಅಮ್ಮ ಪೇಚಾಡಿದಳು.

ಮೀನಿನ ವಾಸನೆಗೇ ಮೂಗು ಮುಚ್ಚುತ್ತಿದ್ದ ಅಮ್ಮ ಅಂದಿನಿಂದ ಬೆಳಗಾದರೆ ಕೊಳಕ್ಕೆ ಓಡುತ್ತಿದ್ದಳು. ಕೊನೆಗೊಂದು ದಿನ ಅದು ಬಾಯಿ ತೆರೆಯಿತು. ಮರಿಗಳು ಹೊಗೆಯಂತೆ ಹೊರಬಂದವು. ಆಮೇಲೆ ಅದು ಒಂದು ಮಂಡಕ್ಕಿ ನುಂಗಿತು. ಅವತ್ತು ನಮ್ಮ ಮನೆಯಲ್ಲಿ ಪಾಯಸ.

ಈಗಷ್ಟೇ ಮಗಳು ಮೀನುಗಳಿಗೆ ಮಂಡಕ್ಕಿ ಹಾಕುವ ಫೋಟೋ ಅಮ್ಮನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: “ಎಲ್ಲವೂ ತಿಂದ್ವಾ? ದೂರ ನಿಂತಿರೋದನ್ನೂ ನೋಡು.”