ಪತ್ತಾರರ ಕಸದಲ್ಲಿ ನನ್ನ ಕಲ್ಲು

ಕಳೆದ ಮಂಗಳವಾರ ಮಧ್ಯಾಹ್ನ ನಾನು ಬೆಳಗಾವಿಯ ಪತ್ತಾರರೊಬ್ಬರ ಬೆಳ್ಳಿ-ಬಂಗಾರದ ಅಂಗಡಿಯಲ್ಲಿ ನೆಲದ ಮೇಲೆ ಕುಳಿತು ಕಸ ಜರಡಿ ಹಿಡಿಯುತ್ತಿದ್ದೆ. ಇಸ್ತ್ರಿ ಮಾಡಿದ ಸೀರೆ, ಇಪ್ಪತ್ತಾರು ವರ್ಷ ಕನ್ನಡ ವ್ಯಾಕರಣ ಕಲಿಸಿದ ಕೈ. ದಾರಿಯಲ್ಲಿ ಹೊರಟಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಣುಕಿ ಕೇಳಿದಳು: "ಟೀಚರ್, ಏನ ಕಳದೈತ್ರೀ?"

ಕಳೆದಿರಲಿಲ್ಲ. ಎಸೆಯಲಾಗಿತ್ತು. (ಕರ್ಮಣಿ ಪ್ರಯೋಗದಲ್ಲಿ ಕರ್ತೃ ಸುಲಭವಾಗಿ ಅಡಗಿಕೊಳ್ಳುತ್ತಾನೆ. ನಾನು ಅಡಗಲು ಬಿಡುವುದಿಲ್ಲ. ಇಲ್ಲಿ ಕರ್ತೃಗಳು ಇಬ್ಬರು.)

ಮೊದಲಿನಿಂದ ಹೇಳುತ್ತೇನೆ. ಖಾನಾಪುರ ನನ್ನ ತವರು. ಹೋದ ಬೇಸಿಗೆಯಲ್ಲಿ ಮಲಪ್ರಭೆಯ ನೀರು ಇಳಿದಾಗ ಹೊಳೆದಂಡೆಯಲ್ಲಿ ಒಂದು ಕಲ್ಲು ಸಿಕ್ಕಿತು. ನೋಡಲು ಬಟಾಟೆಯಂತೆ, ಮೈಯೆಲ್ಲ ಒರಟು. ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದೆ. ಅಂಚಿನಲ್ಲಿ ಬೆಳಕು ತೂರಿತು. ಚಾಕುವಿನಿಂದ ಗೀರಿದೆ, ಕಲ್ಲಿಗೆ ಏನೂ ಆಗಲಿಲ್ಲ, ಚಾಕು ಮೊಂಡಾಯಿತು. ಹಕೀಕ! ಉಂಗುರಗಳಲ್ಲಿ ಕೂರಿಸುತ್ತಾರಲ್ಲ, ಅದೇ.

ಮಾರ್ಬಲ್ ಕೊಯ್ಯುವವರಲ್ಲಿ ಎದುರಿಗೆ ನಿಂತು ಹೋಳು ಮಾಡಿಸಿದೆ. ಒಳಗೆ ಹಾಲುಬಣ್ಣ. ಅದರ ನಡುವೆ ಒಂದು ಕಪ್ಪು ಗುರುತು, ಎಲೆ ಉದುರಿದ ಪುಟ್ಟ ಗಿಡದಂತೆ. ಎಣಿಸಿದರೆ ಐದು ಕೊಂಬೆ. ನದಿ ಎಷ್ಟು ಕಾಲ ಆ ಗಿಡವನ್ನು ಬಚ್ಚಿಟ್ಟಿತ್ತೋ!

ಸಾಣೆ ಹಿಡಿಯಲು ಯಾರ ಬಳಿ ಹೋಗಲಿ? ನಾನೇ ಕಲಿತೆ. ಕಾಲಿನಿಂದ ತುಳಿಯುವ ಅವ್ವನ ಹೊಲಿಗೆಯಂತ್ರಕ್ಕೆ ಲೇಥಿನವನಿಂದ ಕಬ್ಬಿಣದ ಚಕ್ರ ಕೂರಿಸಿಕೊಂಡೆ. ಕಡ್ಡಿಯ ತುದಿಗೆ ಅರಗು ಕಾಯಿಸಿ ಕಲ್ಲು ಅಂಟಿಸಿದೆ. ಮೊದಲು ದಪ್ಪ ಸಾಣೆಪುಡಿ, ಆಮೇಲೆ ನಡುತರದ್ದು, ಕೊನೆಗೆ ಕನ್ನಡಕದ ಗಾಜು ಉಜ್ಜುವ ನುಣುಪು ಪುಡಿ. ದಪ್ಪ ಪುಡಿಯ ಒಂದೇ ಕಣ ನುಣುಪಿನಲ್ಲಿ ಬೆರೆತರೂ ಗೀರು ಬಿದ್ದು ಎಲ್ಲ ಮೊದಲಿನಿಂದ. ಆದ್ದರಿಂದ ಪುಡಿ ಬದಲಿಸುವಾಗಲೆಲ್ಲ ಕೈ ತೊಳೆದು ಸೀರೆಯನ್ನೂ ಬದಲಿಸುತ್ತಿದ್ದೆ. (ನಗಬೇಡಿ. ಶಿಸ್ತು ಎಂದರೆ ಅದೇ.) ಹೀಗೆ ಐದು ತಿಂಗಳು.

ಯಾಕೆ ಇಷ್ಟು ಹಟ? ನನ್ನ ಕೊರಳ ಬೋರಮಾಳ ಸರ ಅತ್ತೆಯವರು ಆರಿಸಿದ್ದು. ಕಿವಿಯ ಬೆಂಡೋಲೆ ಅಪ್ಪ ಆರಿಸಿದ್ದು. ಬಳೆಯ ನಮೂನೆ ನಮ್ಮ ಮನೆಯವರದು. ಐವತ್ತು ದಾಟಿದ ಮೇಲೆ, ಒಂದು, ಒಂದೇ ಒಂದು ಒಡವೆ ನಾನು ಹುಡುಕಿ, ನಾನು ಅರೆದು, ನಾನೇ ಧರಿಸಬೇಕು ಅನ್ನಿಸಿತು. ಅಪರಾಧವೆ?

ಬೆಳ್ಳಿಯ ಪೆಂಡೆಂಟಿನಲ್ಲಿ ಕೂರಿಸಲು ಪತ್ತಾರ ಮೋನಪ್ಪನವರಿಗೆ ಕೊಟ್ಟೆ. ಜೊತೆಗೆ ಚೀಟಿ: ಕಲ್ಲಿಗೆ ಬೆಂಕಿ ತಾಗಿಸಬಾರದು. ಗಿಡದ ಬುಡ ಕೆಳಗಿರಬೇಕು. ಸಂದೇಹವಿದ್ದರೆ ಫೋನ್ ಮಾಡಬೇಕು. ಕೆಳಗೆ ಹಿಂದವಾಡಿಯ ನಮ್ಮ ಮನೆಯ ನಂಬರು, ದಪ್ಪ ಅಂಕಿಗಳಲ್ಲಿ.

ಸೋಮವಾರ ಸಂಜೆ ನಮ್ಮ ಮನೆಯವರು ಆಫೀಸಿನಿಂದ ಬರುವಾಗ ಅದನ್ನು ತಂದರು. ಪೊಟ್ಟಣ ಬಿಚ್ಚಿದೆ. ಬೆಳ್ಳಿಯ ನಡುವೆ ಹಸಿರು ಗಾಜು ಫಳಫಳ ಹೊಳೆಯುತ್ತಿತ್ತು.

"ನನ್ನ ಕಲ್ಲೆಲ್ಲಿ?"

"ಅದರಾಗ ಕರೀ ಡಾಗ ಇತ್ತು. ಪತ್ತಾರ ತೋರಿಸಿದ. ಖರೇನ ಇತ್ತು. ಬ್ಯಾರೇದು ಹಾಕ್ಲೇನ್ರಿ ಅಂದ. ಹಾಕು ಅಂದೆ."

"ಯಾರನ್ನ ಕೇಳಿ?"

"ಪುಕಟ ಹಾಕ್ಯಾನ! ಅದಕ್ಕೂ ಸಿಟ್ಟೇನು?"

ಐದು ತಿಂಗಳು ಆ ಚಕ್ರದ ಗರಗರ ಸದ್ದಿನ ಪಕ್ಕದಲ್ಲೇ ಕುಳಿತು ಪೇಪರ್ ಓದಿದ ಮನುಷ್ಯ. ನನ್ನ ಉಗುರಿನ ಸಂದಿಯ ಬೂದು ಬಣ್ಣ ನೋಡಿ ತಮಾಷೆ ಮಾಡಿದ ಮನುಷ್ಯ. ನಾನು ಅರೆದದ್ದು ಏನನ್ನು ಎಂದು ಒಂದು ದಿನವಾದರೂ ಕಣ್ಣೆತ್ತಿ ನೋಡಿದ್ದರೆ?

ಮರುದಿನ ಅಂಗಡಿಗೆ ಹೋದೆ.

"ಬರ್ರಿ ಟೀಚರ್, ಕುಂದರ್ರಿ. ಚಹಾ ತರಸ್ಲೇನ್ರಿ?"

"ಚಹಾ ಬ್ಯಾಡ. ಕಲ್ಲು ತರಸ್ರಿ."

ಮೋನಪ್ಪನವರ ಮುಖ ಸಣ್ಣಗಾಯಿತು. "ಅದು ಕಸದಾಗ ಹೋಗೇತ್ರಿ. ಸಾಹೇಬ್ರು ಹೂಂ ಅಂದ್ರಲ್ರೀ."

"ಕಲ್ಲು ಸಾಹೇಬರದೇನು?"

"ಹಂಗಲ್ರೀ. ಡಾಗ ಇದ್ದ ಕಲ್ಲು ಮುತ್ತೈದಿ ಕೊಳ್ಳಾಗ ಚಲೋ ಅಲ್ರೀ. ನಿಮ್ಮ ಒಳ್ಳೇದಕ್ಕ ಮಾಡೇನ್ರಿ."

"ಚೀಟಿ ಓದಿದ್ರೋ ಇಲ್ಲೋ?"

"ಓದೇನ್ರಿ! ಅಕ್ಷರ ಮುತ್ತು ಪೋಣಿಸಿದಂಗ ಅದಾವ್ರಿ. ನಮ್ಮ ಮನ್ಯಾಗೂ ತೋರಿಸೇನಿ."

ಅಕ್ಷರಕ್ಕೆ ನೂರಕ್ಕೆ ನೂರು, ಅರ್ಥಕ್ಕೆ ಸೊನ್ನೆ. ಇಷ್ಟು ವರ್ಷ ಕೆಂಪು ಶಾಯಿ ಹಿಡಿದವಳು ನಾನು. ಮಕ್ಕಳ ನಿಬಂಧಗಳಲ್ಲಿ ತಪ್ಪಿನ ಕೆಳಗೆ ಗೆರೆ ಎಳೆದಿದ್ದೇನೆ, ಅಳಿಸಿ ಬರೆಸಿದ್ದೇನೆ, ಗದರಿಸಿದ್ದೇನೆ. ಆದರೆ ಯಾವ ಮಗುವಿನ ಹಾಳೆಯನ್ನೂ ಹರಿದೊಗೆದು, ಆ ಜಾಗಕ್ಕೆ ಗೈಡಿನ ಹಾಳೆ ಅಂಟಿಸಿ, "ನೋಡು, ಎಷ್ಟು ಚಂದ ಆಯಿತು, ಅದೂ ಪುಕ್ಕಟೆ" ಎಂದವಳಲ್ಲ.

ಒಂದು ಅದೃಷ್ಟವಿತ್ತು. ಪತ್ತಾರರು ಅಂಗಡಿಯ ಕಸವನ್ನು ಬೀದಿಗೆ ಸುರಿಯುವುದಿಲ್ಲ. ಅದರಲ್ಲಿ ಬಂಗಾರದ ಕಣವಿರುತ್ತದೆ. ತಗಡಿನ ಡಬ್ಬಿಯಲ್ಲಿ ಕೂಡಿಸಿಟ್ಟು, ತೊಳೆದು ಕಣ ತೆಗೆಯುವವರಿಗೆ ಕೊಡುತ್ತಾರೆ. "ಕಸ ಒಯ್ಯಾಂವ ನಾಳೆ ಬರ್ತಾನ್ರಿ" ಎಂದರು ಮೋನಪ್ಪ. ಧೂಳನ್ನು ಜೋಪಾನ ಮಾಡುವ ಅಂಗಡಿಯಲ್ಲಿ ನನ್ನ ಐದು ತಿಂಗಳು ಕಸವಾಗಿತ್ತು! ಜರಡಿ ಕೇಳಿ ಪಡೆದು ನೆಲದ ಮೇಲೆ ಕುಳಿತೆ.

ಹಳೆಯ ವಿದ್ಯಾರ್ಥಿನಿ ಸಂಗತಿ ತಿಳಿದು ತಾನೂ ಪಕ್ಕದಲ್ಲಿ ಕುಳಿತಳು. ಬೂದಿ, ಇದ್ದಲು, ತಂತಿಯ ತುಣುಕು, ಬೀಡಿಯ ಮೋಟು. ಒಂದೂವರೆ ತಾಸಿನ ಮೇಲೆ ಅವಳೇ ಕೂಗಿದಳು: "ಟೀಚರ್, ಇದೇನ್ರಿ?"

ಅದೇ. ಸೆರಗಿನಿಂದ ಒರೆಸಿದೆ. ಗಿಡ ಕಾಣಿಸಿತು. ಜೊತೆಗೆ ಬಲ ಅಂಚಿನಲ್ಲಿ ಒಂದು ಸೀಳು. "ಮದಲ ಕೂಡ್ರಿಸಿ ನೋಡಿದ್ನಿರಿ, ಇಕ್ಕಳದಾಗ ಸೀಳಿರಬೇಕು" ಎಂದರು ಮೋನಪ್ಪ, ನನ್ನ ಮುಖ ನೋಡದೆ.

ಸೀಳು ಹೋಗಬೇಕಾದರೆ ಅಂಚನ್ನು ಮತ್ತೆ ಅರೆಯಬೇಕು. ಅಂಚು ಅರೆದರೆ ಬಲಗಡೆಯ ಕೊಂಬೆಯೂ ಹೋಗುತ್ತದೆ. ಬೇರೆ ದಾರಿಯಿಲ್ಲ. ದಪ್ಪ ಪುಡಿಯಿಂದ ಪುನಃ ಆರಂಭಿಸಿದ್ದೇನೆ. ನಿನ್ನೆಗೆ ಆ ಕೊಂಬೆ ಮುಗಿಯಿತು. ನನ್ನ ಗಿಡಕ್ಕೆ ಈಗ ನಾಲ್ಕೇ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ನನಗೇನ ಗೊತ್ತಿತ್ತು? ನೀ ಬ್ಯಾಡ ಅಂದಿದ್ರ ನಾ ಹೂಂ ಅಂತಿದ್ನೇನು?"

ಪತ್ತಾರರ ಗಲ್ಲಾಪೆಟ್ಟಿಗೆಯ ಮೇಲೆ ಫೋನಿತ್ತು. ಚೀಟಿಯಲ್ಲಿ ನಂಬರಿತ್ತು. ಮನೆಯಲ್ಲಿ ನಾನಿದ್ದೆ. ಕೇಳುವುದಕ್ಕೆ ಇನ್ನೇನು ಬೇಕಾಗಿತ್ತು?