ಈರಣ್ಣ ಕೊಟ್ಟ ಬನ್ನಿ

ದಸರಾದಂದು ಬನ್ನಿ ಎಲೆಗಳನ್ನು ಈರಣ್ಣನ ಫೋಟೋದ ಮುಂದಿಟ್ಟು ಇನ್ನೇನು ಕೈ ಮುಗಿಯಬೇಕು, ಅವನ ಅವ್ವ ತಟ್ಟನೆ ನನ್ನ ಕೈ ಹಿಡಿದಳು. ಹರ್ತಿ ಶಾಲೆಯಲ್ಲಿ ನನ್ನ ಬಳಿ ಓದಿದ ಈರಣ್ಣ, ಪರದೇಶದಲ್ಲಿ ನಮ್ಮ ರಾಯಭಾರ ಕಚೇರಿಯ ಕಾವಲಿಗಿದ್ದಾಗ ಬಾಂಬ್ ದಾಳಿಗೆ ಬಲಿಯಾದವನು.

"ಅಕ್ಕೋರ, ಸಣ್ಣಾಂವಗ ಕೈ ಮುಗೀತಾರೇನ್ರಿ? ಬನ್ನಿ ಅಂವ ಕೊಡಬೇಕು, ನೀವು ತಲಿ ಮ್ಯಾಲೆ ಕೈ ಇಡಬೇಕು" ಎಂದವಳೇ, ನಾನಿಟ್ಟ ಎಲೆಗಳನ್ನೇ ಫೋಟೋಗೆ ಮುಟ್ಟಿಸಿ ನನ್ನ ಅಂಗೈಗೆ ಹಾಕಿದಳು.

ಫೋಟೋದ ತಲೆಯ ಮೇಲೆ ಕೈ ಇಟ್ಟೆ. ಪ್ರತಿ ದಸರಾದ ರೂಢಿಯಂತೆ "ನೂರು ವರ್ಷ ಬಾಳಪಾ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅವ್ವ ನಕ್ಕಳು. "ಇರ್ಲಿ ಬಿಡ್ರಿ, ಅಂವಗ ಕೇಳಿ ರೂಢಿ ಐತಿ."

ಅವನ ಪಾರ್ಥಿವ ಶರೀರ ಊರಿಗೆ ಬಂದ ದಿನ ಸಾಹೇಬರೆಲ್ಲ ಸೆಲ್ಯೂಟ್ ಹೊಡೆದಾಗ ನಾನು ಹೆಮ್ಮೆಯಿಂದ ನಿಂತಿದ್ದೆ. ಅಳು ಬಂದದ್ದು ಈ ಬನ್ನಿ ಹಿಡಿದು ಮನೆಗೆ ನಡೆಯುವಾಗ.